ಖಾಲಿ ಕೈಯಲ್ಲಿ ನಾಲ್ಕು ಬದಾಮ್

ಬ್ರಿಜ್ ಆಟದಲ್ಲಿ ಒಳ್ಳೆಯ ಎಲೆ ಬಂದವರಿಗೆ ತಲೆನೋವಿಲ್ಲ. ಹದಿಮೂರು ಸುತ್ತುಗಳಲ್ಲಿ ಇಷ್ಟು ಪಟ್ಟು ಗೆಲ್ಲುತ್ತೇನೆ ಎಂದು ಕೂಗುತ್ತಾರೆ, ಗೆದ್ದು ಬಾಚಿಕೊಳ್ಳುತ್ತಾರೆ. ಫಜೀತಿಯೆಲ್ಲ ಕೈ ಖಾಲಿ ಇದ್ದವರದು. ಎಕ್ಕವಿಲ್ಲ, ರಾಜನಿಲ್ಲ, ಒಂದೇ ಬಣ್ಣದ ಆರೇಳು ಸಣ್ಣ ಎಲೆಗಳು ಬಂದಿವೆ ಅನ್ನಿ. ಆಗ ಸುಮ್ಮನೆ ಪಾಸ್ ಅನ್ನಬಹುದು. ಇಲ್ಲವೇ ಒಮ್ಮೆಲೇ ದೊಡ್ಡದಾಗಿ ಕೂಗಿ, ಎದುರಿನವರಿಗೆ ಬಾಯಿ ತೆರೆಯಲು ಜಾಗವೇ ಇಲ್ಲದಂತೆ ಮಾಡಬಹುದು. ಎಷ್ಟು ದೊಡ್ಡದಾಗಿ ಎನ್ನುವುದೇ ಪ್ರಶ್ನೆ. ಬಹುಪಾಲು ಸೋಲೇ ಗತಿ. ಎಷ್ಟರಲ್ಲಿ ಸೋಲಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿರುತ್ತದೆ.

ಇದನ್ನು ನನಗೆ ಕಲಿಸಿದವರು ನನ್ನ ಗಂಡ. ಆಳಂದದ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ನಾವಿಬ್ಬರು ಒಂದು ಜೋಡಿ. ಅಫಜಲಪುರದ ದನದ ಡಾಕ್ಟರು ಮತ್ತು ಜೇವರ್ಗಿಯ ದಾಲ್ ಮಿಲ್ಲಿನ ಮಾಲೀಕರು ಇನ್ನೊಂದು ಜೋಡಿ. ಭಾನುವಾರ ಮಧ್ಯಾಹ್ನ, ಮೂರು ಊರುಗಳಲ್ಲಿ ಸರದಿಯ ಮೇಲೆ ಆಟ. ನಾನು ಕೈಮೀರಿ ಕೂಗಿದಾಗಲೆಲ್ಲ ಇವರು ಎಲ್ಲರೆದುರೇ, "ಹಾಸಿಗಿ ಇದ್ದಷ್ಟು ಕಾಲ್ ಚಾಚಬೇ" ಎಂದು ಗದರುತ್ತಿದ್ದರು. ನಾನು ಅಲ್ಲಿ ಸುಮ್ಮನಿದ್ದು, ಮನೆಗೆ ಬಂದು ಎರಡು ದಿನ ಮಾತು ಬಿಡುತ್ತಿದ್ದೆ.

ಐವತ್ತೆರಡು ಎಲೆಗಳಲ್ಲಿ ಯಾವುದು ಬಿತ್ತು, ಯಾವುದು ಯಾರ ಕೈಯಲ್ಲಿ ಉಳಿಯಿತು ಎನ್ನುವುದು ಇವರಿಗೆ ಬಾಯಿಪಾಠ. ಅಂಥವರು ಹೋದ ವರ್ಷ ಅಫಜಲಪುರದಲ್ಲಿ, ಆಗಲೇ ಬಿದ್ದುಹೋಗಿದ್ದ ರಾಣಿಗಾಗಿ ಕೊನೆಯತನಕ ಕಾದು ಕುಳಿತರು. ನಾಲ್ಕು ವಾರ ಹೀಗೇ ಆಯಿತು. ಕಲಬುರಗಿಯಲ್ಲಿ ತೋರಿಸಿದೆವು. ನೆನಪು ಹೋಗುತ್ತಾ ಹೋಗುತ್ತದೆ, ತಿರುಗಿ ಬರುವುದಿಲ್ಲ ಎಂದರು ವೈದ್ಯರು. ನನಗೆ ಅಳು ಬರಲಿಲ್ಲ. ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು, ಬಸ್ ಹತ್ತಿದೆವು. ಅಂದಿನಿಂದ ನನ್ನ ಮನಸ್ಸು ಜೋಮು ಹಿಡಿದ ಕಾಲಿನ ಹಾಗೆ. ಇದೆ, ಆದರೆ ನನ್ನದು ಅನಿಸುವುದಿಲ್ಲ.

ಆ ವಾರವೇ ಮಿಲ್ಲಿನವರು ಫೋನ್ ಮಾಡಿದರು.

"ಅಕ್ಕಾರ, ಸರ್‌ಗ ಯಾಕೋ ದಣಿವಾಗಾಕತ್ತದ ಅನಸ್ತದ್ರಿ. ನಮ್ಮ ಅಳಿಯಗ ಆಟ ಬರ್ತದ. ಅವ ಕೂಡ್ಲಿ, ಸರ್ ಬಾಜೂಕ ಕುಂತು ನೋಡ್ಲಿ."

"ಸರ್‌ಗ ಏನೂ ಆಗಿಲ್ರಿ. ಎಲಿ ಸರಿ ಬರಾಕತ್ತಿಲ್ಲ, ಅಷ್ಟ," ಎಂದೆ.

ಫೋನನ್ನು ಮೇಜಿಗೆ ಕುಕ್ಕಿದೆ. ಬಾಜೂಕ ಕುಂತು ನೋಡುವುದಂತೆ! ಆ ಕುರ್ಚಿ ಹೋದರೆ ಇವರಿಗೆ ಭಾನುವಾರ ಇಲ್ಲ. ಭಾನುವಾರ ಇಲ್ಲದಿದ್ದರೆ ಉಳಿದ ಆರು ದಿನಗಳಿಗೂ ಅರ್ಥವಿಲ್ಲ.

ದಾರಿ ಆಟದ ನಿಯಮದಲ್ಲೇ ಇತ್ತು. ಯಾರ ಕೂಗು ನಿಲ್ಲುತ್ತದೋ ಅವರು ಆಡಬೇಕು. ಅವರ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಹರವಿ ಸುಮ್ಮನೆ ಕೂರಬೇಕು, ಬಾಯಿ ಬಿಡುವಂತಿಲ್ಲ. ಅವನಿಗೆ ಡಮ್ಮಿ ಎನ್ನುತ್ತಾರೆ. ನಾನು ಕೂಗಿ ಗೆದ್ದರೆ ಇವರು ಡಮ್ಮಿ. ಡಮ್ಮಿ ತಪ್ಪು ಮಾಡುವುದು ಸಾಧ್ಯವೇ ಇಲ್ಲ. ಹೀಗಾಗಿ ಎರಡು ಅನ್ನಬೇಕಾದ ಕಡೆ ಮೂರು ಅಂದೆ, ಪಾಸ್ ಅನ್ನಬೇಕಾದ ಕಡೆ ನಾಲ್ಕು ಅಂದೆ. ಆರು ತಿಂಗಳು ಖಾಲಿ ಕೈಯಲ್ಲಿ ಕೂಗಿ ಕೂಗಿ ಸೋತೆ. ಇಂಥ ಕೂಗಿಗೆ ಎದುರಿನವರು ಡಬಲ್ ಅಂದು ದಂಡ ಹಾಕಬಹುದು. ಅವರು ಯಾವಾಗಲೋ ಅದನ್ನು ನಿಲ್ಲಿಸಿದ್ದರು. ಅದು ಕರುಣೆ ಎಂದು ಒಪ್ಪಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ಸೋಮಾರಿತನ ಎಂದುಕೊಂಡೆ. ಇವರು ಗದರುವುದನ್ನೂ ಬಿಟ್ಟಿದ್ದರು. ಅದಕ್ಕೆ ಮಾತ್ರ ಯಾವ ಹೆಸರೂ ಕೊಡಲಿಲ್ಲ.

ಜೇವರ್ಗಿಯ ಸರದಿ ಬಂತು. ಮಿಲ್ಲಿನವರ ಮನೆಯಲ್ಲಿ ಮೆಣಸಿನಕಾಯಿ ಭಜಿ, ಚಹಾ ಮುಗಿಸಿ ಕೂತೆವು. ನನಗೆ ಬಂದದ್ದು ಬದಾಮ್, ಅಂದರೆ ಕೆಂಪು ಹೃದಯದ ಏಳು ಎಲೆಗಳು. ಅವುಗಳಲ್ಲಿ ಒಬ್ಬಳು ರಾಣಿ, ಉಳಿದದ್ದು ಹೊಟ್ಟು. ಮೊದಲ ಕೂಗು ನನ್ನದೇ. ಮೂರು ಅಂದರೆ ಡಾಕ್ಟರು ನಡುವೆ ಬರಬಹುದು, ಇವರು ಆಡಬೇಕಾಗಿ ಬರಬಹುದು.

"ನಾಲ್ಕು ಬದಾಮ್," ಎಂದೆ. ಹದಿಮೂರು ಪಟ್ಟುಗಳಲ್ಲಿ ಹತ್ತು ನನ್ನವು ಎಂದು ಅದರರ್ಥ. ಶುದ್ಧ ಸುಳ್ಳು.

ಡಾಕ್ಟರು ಪಾಸ್ ಅಂದರು. ಇವರು ಎಲೆಗಳನ್ನು ಬಹಳ ಹೊತ್ತು ನೋಡಿ ಹೇಳಿದರು: "ನಾಲ್ಕು ಇಸ್ಪೀಟು."

ಕಪ್ಪು ಇಸ್ಪೀಟು ಕೆಂಪು ಬದಾಮಿಗಿಂತ ಮೇಲು. ಆಟ ಇವರ ಕೈಗೆ ಹೋಯಿತು. ಮರೆತು ಅಂದರೋ, ತಿಳಿದು ಅಂದರೋ ನನಗೆ ಗೊತ್ತಾಗಲಿಲ್ಲ. ಮಿಲ್ಲಿನವರು ಪಾಸ್.

"ಐದು ಬದಾಮ್."

"ಐದು ಇಸ್ಪೀಟು."

ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಏರಿಸುತ್ತಿದ್ದೇವೆ; ಎದುರಿನವರಿಬ್ಬರು ಪಾಸ್, ಪಾಸ್ ಎನ್ನುತ್ತಾ ಮೇಜು ನೋಡುತ್ತಿದ್ದಾರೆ. ನಾನು ಆರಕ್ಕೆ ಬಾಯಿ ತೆರೆದೆ. ಆಟದ ನಡುವೆ ಜೊತೆಗಾರನೊಡನೆ ಮಾತಾಡಬಾರದು ಎಂದು ನನಗೆ ಕಲಿಸಿದವರೇ ಮಾತಾಡಿದರು.

"ನಿನ್ ಕೈಯಾಗ ಏನಿಲ್ಲಂತ ನಂಗ ಗೊತ್ತದ. ಭಾಳ ದಿನದಿಂದ ಗೊತ್ತದ. ನಂಗ ಆಡಾಕ ಬಿಡಬೇ."

ನಾಚಿಕೆಯಾಯಿತು. ಇಷ್ಟು ದಿನ ಇವರ ಕುರ್ಚಿ ಉಳಿಸಿದ್ದೆ, ಇವರನ್ನು ಆ ಕುರ್ಚಿಯಿಂದ ಎಬ್ಬಿಸಿದ್ದೂ ನಾನೇ.

"ಪಾಸ್," ಎಂದೆ.

ಎಲೆಗಳನ್ನು ಹರವಿ ಕೂತೆ. ಇವರು "ಸಣ್ಣದ್ ಹಾಕು" ಎಂದಾಗ ಸಣ್ಣದು ಹಾಕಿದೆ. ಎರಡನೇ ಪಟ್ಟಿಗೆ ಇವರು ಕೇಳಿದರು, "ಹುಕುಂ ಯಾವ್ದು?" ತಾವೇ ಕೂಗಿದ್ದ, ಉಳಿದೆಲ್ಲವನ್ನೂ ಹೊಡೆಯುವ ಬಣ್ಣವನ್ನೇ ಮರೆತಿದ್ದರು.

"ಇಸ್ಪೀಟ್ರಿ ಸರ್. ನೀವ ಕೂಗೀರಿ," ಎಂದರು ಡಾಕ್ಟರು. ಐದನೇ ಪಟ್ಟಿಗೆ ಇವರು ಮತ್ತೆ ಅದನ್ನೇ ಕೇಳಿದರು. ಈ ಸಲ ಮಿಲ್ಲಿನವರು ಹೇಳಿದರು, ಮೊದಲ ಸಲ ಹೇಳುವವರಂತೆ. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಎಂಟನೇ ಪಟ್ಟಿಗೆ ಇವರು ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಾವು ಮೂವರೂ ಕಾದೆವು. ಕೊನೆಗೆ ಒಂದನ್ನು ಎಳೆದು, ಹಳೆಯ ದಿನಗಳಂತೆ ಮೇಜಿಗೆ ಫಟ್ಟೆಂದು ಬಡಿದರು. ಅದು ತಪ್ಪು ಎಲೆ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಇವರು ಮಾತ್ರ ನನ್ನ ಕಡೆ ನೋಡಿ ನಕ್ಕರು. ನಾನು ಬಾಯಿ ಬಿಡದೆ ಕೂತೆ.