ಒಂದೇ ಸ್ಟಾರ್ ಕೊಟ್ಟವನ ಮಾತು

ಸವಳಂಗ ರಸ್ತೆಯಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುತ್ತಿದ್ದ ಅಂಗಡಿಯವರು, ಗಿರಾಕಿಯ ಫೋನನ್ನು ತಮ್ಮ ಅಂಗಿಗೆ ಒರೆಸಿಕೊಂಡು ಅದರಲ್ಲಿರುವ ರಿವ್ಯೂಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನಡುನಡುವೆ ಒಂದೇ ಪ್ರಶ್ನೆ: “ಹಾಡು ಕೇಳಿದೋನು ಎಲ್ಲಿ ಮಾರಾಯ?”

ಅಪ್ಪ ದಿನಾ ಕೆಲಸಕ್ಕೆ ಭದ್ರಾವತಿಗೆ ಕಾರಿನಲ್ಲಿ ಹೋಗಿಬರುತ್ತಾರೆ. ನನ್ನ ಮೊದಲ ಸಂಬಳದಲ್ಲಿ ಅವರಿಗೆಂದು ಆನ್‌ಲೈನಿನಲ್ಲಿ ತರಿಸಿದ್ದ ಸ್ಪೀಕರುಗಳನ್ನು ವಾಪಸ್ ಕಳಿಸಲು ಅಂದೇ ಕೊನೆಯ ದಿನ. ಯಾರೋ ಒಬ್ಬ ಒಂದೇ ಸ್ಟಾರ್ ಕೊಟ್ಟು ಬೈದಿದ್ದ. ಹೊಗಳಿಕೆಯನ್ನು ನಂಬದ ನನಗೆ ಆ ಬೈಗುಳ ಸಾಕಾಗಿತ್ತು. ಆದರೂ ಒಮ್ಮೆ ಕೇಳಿಬಿಡೋಣವೆಂದು ಅಪ್ಪನನ್ನು ಕರೆದುಕೊಂಡು ಆ ಅಂಗಡಿಗೆ ಹೋದೆ.

“ಬೇಗ ಬಂತು, ಐದು ಸ್ಟಾರ್. ಡಬ್ಬಿ ಚೆನ್ನಾಗಿದೆ, ಐದು ಸ್ಟಾರ್. ಇವರೆಲ್ಲ ಕೊರಿಯರ್‌ನೋನಿಗೆ ಕೊಟ್ಟಿರೋದು” ಎಂದ ಅಂಗಡಿಯವರು ಆ ಬೈಗುಳದ ಬಳಿ ನಿಂತರು. “‘ಬೇಸ್ ಇಲ್ಲ, ಎದೆ ನಡುಗಲ್ಲ, ಮಾತು ಮಾತ್ರ ಸ್ಪಷ್ಟ.’ ಹಾಂ, ಇವನು ಕೇಳಿದಾನೆ! ಯಜಮಾನ್ರೇ, ಕಾರಲ್ಲಿ ನೀವೇನು ಕೇಳ್ತೀರಿ?”

ನಾನು ಅಪ್ಪನಿಗೆ ಆವರೆಗೂ ಹಾಕಿರದ ಪ್ರಶ್ನೆ ಅದು.

“ತಾಳಮದ್ದಲೆ” ಎಂದರು ಅಪ್ಪ.

“ವೇಷ, ಕುಣಿತ ಇಲ್ಲದ ಯಕ್ಷಗಾನ, ಹೆಚ್ಚುಕಮ್ಮಿ ಪೂರ್ತಿ ಮಾತೇ ಅಲ್ವಾ! ಮತ್ತೆ ವಾಪಸ್ ಯಾಕಮ್ಮ?”

ಒಬ್ಬನ ಅಭಿಪ್ರಾಯ ಪುರಾವೆಯಾಗದು ಎಂದು ನಾನು, ಅದೇ ಒಬ್ಬನನ್ನು ನಂಬಿ ಬಂದವಳು, ವಾದ ಹೂಡಿದೆ. ಅಂಗಡಿಯವರು ತಂತಿ ಜೋಡಿಸಿದರು, ಅಪ್ಪನನ್ನು ಕಾರಿನಲ್ಲಿ ಕೂರಿಸಿ ಪಕ್ಕದಲ್ಲಿ ತಾವೂ ಕೂತು ತಾಳಮದ್ದಲೆ ಹಾಕಿದರು. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಅಪ್ಪ ತೊಡೆ ತಟ್ಟಿ, “ಇದು ಇರ್ಲಿ” ಎಂದರು.

“ಹಾಗಲ್ಲಪ್ಪ, ನನ್ನ ಎರಡನೇ ಅಂಶ ಏನಂದ್ರೆ…” ಎಂದು ಕಿಟಕಿಗೆ ಬಗ್ಗಿದೆ.

ಅಂಗಡಿಯವರು ಮೆಲ್ಲಗೆ ಗಾಜು ಏರಿಸಿದರು.