ಪ್ಯಾರಿಸಿನ ಸಂಧಿಯೂ ನನ್ನ ಬಿಸಿಬೇಳೆಬಾತೂ

ಅಬುಧಾಬಿಯ ಖಲೀಫಾ ಸಿಟಿಯ ಕೆಫೆಟೇರಿಯಾವೊಂದರಲ್ಲಿ ಚಹಾಕ್ಕೆ ಕಾಯುತ್ತಿದ್ದೆ. ಗೋಡೆಯ ಟಿವಿಯಲ್ಲಿ ಯಾವುದೋ ದೇಶಗಳ ಇಬ್ಬರು ನಾಯಕರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಕೈ ಕುಲುಕುತ್ತಿದ್ದರು. ಪಕ್ಕದವರು ಆಕಳಿಸಿ, "ಇದ್ರಿಂದ ನಮಗೇನ್ರೀ ಆಗ್ಬೇಕು?" ಎಂದರು. ಕೆಲವು ವರ್ಷಗಳ ಹಿಂದಾಗಿದ್ದರೆ ಅವರನ್ನು ತಬ್ಬಿಕೊಳ್ಳುತ್ತಿದ್ದೆ. ಈಗ ನನ್ನ ಕುರ್ಚಿಯನ್ನು ತುಸು ದೂರ ಸರಿಸಿದೆ. ಓದುಗರೇ, ಇಂಥದ್ದೇ ಒಂದು ಸಹಿಯ ದೆಸೆಯಿಂದ ನಾನು ಒಂದು ಹಂಡೆ ಬಿಸಿಬೇಳೆಬಾತ್ ಕಳೆದುಕೊಂಡವನು.

ಆಗ ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದೆ. ನಮ್ಮ ಕನ್ನಡ ಬಳಗದಲ್ಲೊಂದು ಪದ್ಧತಿ: ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ, ಗೆದ್ದ ತಂಡ ಹೇಳಿದ್ದೇ ಪಿಕ್‌ನಿಕ್ಕಿನ ಊಟ. ಮತದಾನಕ್ಕಿಂತ ಇದು ಮೇಲೆಂದು ಈಗಲೂ ವಾದಿಸಬಲ್ಲೆ. ಕರಾವಳಿಯವರ ಸಂಖ್ಯೆಯೆದುರು ಮತದಲ್ಲಿ ನಾನು ಮೊದಲೇ ಮುಳುಗುತ್ತಿದ್ದೆ. ವಾದದಲ್ಲೂ ಮುಳುಗುತ್ತಲೇ ಇದ್ದೆ ಅನ್ನಿ. ಪ್ರತಿ ಪಿಕ್‌ನಿಕ್ಕಿಗೂ ಮೀನು. ಸಸ್ಯಾಹಾರಿಯಾದ ಈ ಮೈಸೂರಿನವನಿಗೆ ಅನ್ನ, ಉಪ್ಪಿನಕಾಯಿ ಮತ್ತು ಸಾಂತ್ವನ. ಕಾಲೇಜಿನಲ್ಲಿ ಪರ ವಿರೋಧ ಎರಡನ್ನೂ ವಾದಿಸಿ ಗೆದ್ದವನಿಗೆ ಇಂಥ ಗತಿ!

ಆ ವರ್ಷ ತಾನಾಗಿಯೇ ಒಬ್ಬ ಜೊತೆಗಾರ ಸಿಕ್ಕಿದ. ನಿಜಾಮ, ಉಳ್ಳಾಲದ ಬ್ಯಾರಿ, ಟೈಲ್ಸ್ ವ್ಯಾಪಾರಿ. ಮೀನು ಬಿಟ್ಟು ನನ್ನ ಕಡೆ ಯಾಕೆ ಬಂದೆಯೆಂದು ಕೇಳಿದೆ.

"ನಂಗೆಂತ ನಿನ್ನ ಬಾತಿನ ಆಸೆಯಾ ಮಾರಾಯ? ಆಚೆ ತಂಡದಲ್ಲಿ ಹನೀಫ್ ಭಾವ ಇದ್ದಾರೆ. ಅವರಿಗೆ ಮೀನು ಸಿಗಬಾರದು, ಖಲಾಸ್."

ಹನೀಫ್ ಅವನ ಅಕ್ಕನ ಗಂಡ. ಹಿರಿಯ ಮಗಳ ಮದುವೆಯಲ್ಲಿ, ಸ್ವಂತ ಸೋದರಮಾವನಾದ ನಿಜಾಮನನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದರಂತೆ. ಆ ಹೊತ್ತಿಗೆ ಬಿರಿಯಾನಿಯಲ್ಲಿ ಅನ್ನ ಮಾತ್ರ ಉಳಿದಿತ್ತಂತೆ. ಇಷ್ಟು ಗಟ್ಟಿ ದ್ವೇಷವಿರುವ ಮಿತ್ರ ಸಿಕ್ಕಿದನಲ್ಲ ಎಂದು ನಾನು ಹಿಗ್ಗಿದೆ.

ದುಬೈನ ಊದ್ ಮೇಥಾದಲ್ಲೊಂದು ಸಭಾಂಗಣ. ವಿಷಯ: 'ಯುರೋಪಿನ ಶಾಂತಿ ಒಪ್ಪಂದಗಳಿಂದ ನಮ್ಮೂರಿಗೆ ಏನೂ ಆಗಿಲ್ಲ.' ನಾನು ಪರ. "ಪ್ಯಾರಿಸಿನಲ್ಲಿ ಒಬ್ಬ ಸೀನಿದರೆ ಮಂಗಳೂರಿನಲ್ಲಿ ಯಾರಿಗೆ ನೆಗಡಿ?" ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಒಗ್ಗರಣೆಯ ಘಮ ಮೂಗಿಗೇ ಬಡಿಯಿತು.

ಹನೀಫ್ ಭಾವ ನಿಧಾನಕ್ಕೆ ಎದ್ದರು. "ಮೈಸೂರಿನ ಸುಲ್ತಾನ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗೆ ಇಂಗ್ಲಿಷರು. ಸುಲ್ತಾನನ ಜೊತೆ ಫ್ರೆಂಚರು. ಅವರಿಗೆ ಸುಲ್ತಾನನ ಮೇಲೆ ಪ್ರೀತಿಯಾ? ಇಲ್ಲ, ಇಂಗ್ಲಿಷರ ಮೇಲೆ ಸಿಟ್ಟು, ಅಷ್ಟೇ. ಆಗ ಸುದ್ದಿ ಬಂತು, ಪ್ಯಾರಿಸಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾಗಿದೆ ಅಂತ. ಫ್ರೆಂಚರು ಎಂತ ಮಾಡಿದ್ರು?"

ಅಷ್ಟರಲ್ಲಿ ನಿಜಾಮನ ಫೋನು ಗುಂಯ್‌ಗುಟ್ಟಿತು. ಊರಿನಿಂದ ಅವನ ಉಮ್ಮ, ಅಂದರೆ ತಾಯಿ. ಬಗ್ಗಿ ಮಾತಾಡಿ ಮೇಲೆದ್ದಾಗ ಮುಖ ಬೆಳಗುತ್ತಿತ್ತು.

"ಮನೆಯಲ್ಲಿ ರಾಜಿ ಆಯ್ತಂತೆ. ಭಾವನ ಸಣ್ಣ ಮಗಳ ಮದುವೆಯಲ್ಲಿ ಮದುಮಗನ ಪಕ್ಕವೇ ನನಗೆ ಊಟ!"

"ಸಂತೋಷ. ಈಗ ಎದ್ದು ಉತ್ತರ ಕೊಡು."

"ಭಾವನಿಗೆ ಎದುರುತ್ತರವಾ? ಛೆ, ಎಂತ ಮಾತು ನಿಂದು!"

ಎಂದವನೇ ಕುರ್ಚಿ ಎತ್ತಿಕೊಂಡು ವೇದಿಕೆ ದಾಟಿ ಅವರ ಪಕ್ಕ ಹೋಗಿ ಕುಳಿತ. "ಇಗೋ, ಫ್ರೆಂಚರು ಹೊರಟ್ರು!" ಎಂದರು ಹನೀಫ್ ಭಾವ. ಒಂದೇ ಉದಾಹರಣೆಯಿಂದ ಸಾಮಾನ್ಯ ನಿಯಮ ಸಿದ್ಧವಾಗದು ಎಂದು ನಾನು ಕೂಗಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಒಂಟಿಯಾದ ಸುಲ್ತಾನನಿಗೆ ಕೊನೆಗೆ ಮಂಗಳೂರಿನಲ್ಲೇ ಒಂದು ಒಪ್ಪಂದವಾದರೂ ದಕ್ಕಿತು. ನನಗೆ ಪಿಕ್‌ನಿಕ್ಕಿನಲ್ಲಿ ದಕ್ಕಿದ್ದು ಹನೀಫ್ ಭಾವ ಮರುಕದಿಂದ ಬಡಿಸಿದ ನೀರುದೋಸೆ.

ಈ ವರ್ಷದ ಸ್ಪರ್ಧೆ ಹತ್ತಿರ ಬಂದಿದೆ. ಅಬುಧಾಬಿಯಿಂದಾದರೂ ಹೋಗಿಯೇ ಹೋಗುತ್ತೇನೆ. ಮೊನ್ನೆ ಒಬ್ಬ, "ಹನೀಫನ್ನ ಕಂಡ್ರೆ ನಂಗಾಗಲ್ಲ, ನಿನ್ ಕಡೆ ಬರ್ತೀನಿ" ಎಂದು ತೋಳೇರಿಸಿ ಬಂದ. ಕೈಮುಗಿದು ಕಳಿಸಿದೆ. ನನಗೀಗ ಬೇಕಾದವನು ಮಾತು ಬಾರದಿದ್ದರೂ ಸರಿ, ಬಿಸಿಬೇಳೆಬಾತ್ ಎಂದರೆ ಬಾಯಲ್ಲಿ ನೀರೂರುವವನು.