ಜಯರಾಮನ ಎಡಗಣ್ಣು

ಜಯರಾಮ, ನಿನ್ನ ಎಡಗಣ್ಣು ಹೋದದ್ದು ನಿನ್ನ ಕೈತಪ್ಪಿನಿಂದಲ್ಲ — ನನ್ನಿಂದ. ತಂತಿ ಹರಿಯಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮೂವತ್ತು ವರ್ಷ — ಇಲ್ಲ, ಅದಕ್ಕೂ ಹೆಚ್ಚೇ ಆಯಿತು — ಸುಮ್ಮನೇ ಇದ್ದೇನೆ.

ಐವತ್ತರ ದಶಕದ ನಡುವಿನ ಮಾತು. ನಾನು ಧಾರವಾಡ ಕಡೆಯವನು, ಪರೇಲಿನ ಮಿಲ್ಲೊಂದರಲ್ಲಿ ಫಿಟರ್. ನೀನು ಉಡುಪಿ ಕಡೆಯವನು, ಸಯನ್‌ನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದೆ. ಕುರ್ಲಾದ ಚಾಳಿನಲ್ಲಿ ಇಬ್ಬರಿಗೂ ಒಂದೇ ಖೋಲಿ. ಹೋಟೆಲಿನಲ್ಲಿ ಖಾಲಿಯಾದ ಎಣ್ಣೆ ಡಬ್ಬವನ್ನು ನೀನು ಹೊತ್ತು ತಂದೆ. ನಾನು ಅದಕ್ಕೊಂದು ಬಿದಿರು ಸಿಕ್ಕಿಸಿ, ಬಿರಡೆ ಕೂರಿಸಿ, ಒಂದೇ ಒಂದು ಉಕ್ಕಿನ ತಂತಿ ಬಿಗಿದೆ. ನಾನು ತಂತಿಯನ್ನು ಕಡ್ಡಿಯಿಂದ ಬಾರಿಸುವುದು, ನೀನು ಡಬ್ಬದ ಬಾಯಿಗೆ ಮುಖ ಕೊಟ್ಟು ಹಾಡುವುದು. ಕೇಳುವವರು ಯಾವ ಪದ ಕೊಟ್ಟರೂ ನೀನು ನಿಂತಲ್ಲೇ ಕವಿತೆ ಕಟ್ಟುತ್ತಿದ್ದೆ. ಹಾಡುತ್ತಲೇ ಬಿರಡೆ ತಿರುಗಿಸಿ ಸ್ವರವನ್ನು ಎತ್ತಲೋ ಎಳೆದೊಯ್ಯುತ್ತಿದ್ದೆ, ನಾನು ಹಿಂದೆ ಓಡುತ್ತಿದ್ದೆ. ಚಾಳಿನ ಜನ ಮೊದಲು ನಕ್ಕರು. ಆಮೇಲೆ ಹೊಸ್ತಿಲಲ್ಲಿ ಬಂದು ಕೂತರು.

ಆ ತಂತಿ ಮಿಲ್ಲಿನದು. ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಂಡು ತಂದಿದ್ದೆ. ಕೆಲವು ದಿನಗಳ ಮೇಲೆ ಗೇಟಿನಲ್ಲಿ ಒಬ್ಬನ ಮಡಿಲಲ್ಲಿ ಒಂದು ಹಿಡಿ ನೂಲು ಸಿಕ್ಕಿತು. ಅವನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ದದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ಪಾಳಿ ಮುಗಿಸಿ ಬರಿಗೈಯಲ್ಲಿ ಹೊರಬರುವಾಗಲೂ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೆಲಸ ಹೋದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ?

ಸಯನ್‌ನ ಶಾಲೆಯೊಂದರಲ್ಲಿ ನಮ್ಮ ಕಾರ್ಯಕ್ರಮ ಇದ್ದ ಭಾನುವಾರ. ಬೆಳಿಗ್ಗೆ ನೀನು ನಳದ ಹತ್ತಿರ ಹೋಗಿದ್ದೆ. ತಂತಿ ಒರೆಸುತ್ತಿದ್ದ ನನ್ನ ಉಗುರಿಗೆ ಬಿರಡೆಯ ಬಳಿ ಏನೋ ತಾಗಿತು — ತಂತಿ ಮಡಿಚಿದ ಜಾಗದಲ್ಲಿ ಸೀಳು. ನಿನಗೆ ಹೇಳಿದರೆ ನೀನು ಕಾರ್ಯಕ್ರಮ ಬೇಡ ಎನ್ನುತ್ತಿದ್ದೆ. ಮತ್ತೊಂದು ತಂತಿ ಬೇಕಾಗುತ್ತಿತ್ತು. ಮತ್ತೆ ಸೊಂಟ, ಮತ್ತೆ ಆ ಗೇಟು... ನಾನು ಸೀಳಿನ ಮೇಲೆ ಕೆಂಪು ದಾರ ಸುತ್ತಿದೆ. ಗಟ್ಟಿಯಾಗಲೆಂದಲ್ಲ, ಜಯರಾಮ. ನಿನಗೆ ಕಾಣದಿರಲೆಂದು.

ವೇದಿಕೆ ಹತ್ತುವ ಮೊದಲು ನೀನು ಕೇಳಿದೆ. "ಬಸಪ್ಪ, ತಂತಿ ಸರಿ ಉಂಟಲ್ಲ ಮಾರಾಯ? ಇವತ್ತು ಸ್ವಲ್ಪ ಜಾಸ್ತಿ ಎಳೀತೇನೆ."

"ಗಟ್ಟಿ ಐತಿ," ಎಂದೆ. "ನೀ ಎಷ್ಟರೆ ಎಳಿ."

ಯಾರೋ ಹೆಂಗಸು "ನೀರು" ಎಂದು ಪದ ಕೊಟ್ಟರು. ನೀನು ಬಾಗಿದೆ. "ನಳದ ಬಾಯಿಗೆ ಕಿವಿಯಿಟ್ಟು ಕೇಳು, ದೂರದ ಹೊಳೆಯೊಂದು ಕೆಮ್ಮುತ್ತಿದೆ" — ಹಿಂದಿನ ಸಾಲಿನವರೂ ಎದ್ದು ಮುಂದೆ ಬಂದರು. ನಿನ್ನ ಕೈ ಬಿರಡೆ ತಿರುಗಿಸುತ್ತಿತ್ತು. ನನ್ನ ಕಣ್ಣು ಕೆಂಪು ದಾರದ ಮೇಲಿತ್ತು. ಸಾಕು ಎನ್ನಬೇಕು, ಈಗ ಎನ್ನಬೇಕು — ಬಾರಿಸುತ್ತಲೇ ಇದ್ದೆ.

ಹರಿದ ಸದ್ದು ದೊಡ್ಡದೇನಲ್ಲ. ನೀನು ಕೂಗಲೂ ಇಲ್ಲ. ಮುಖ ಮುಚ್ಚಿಕೊಂಡು ಕುಳಿತೆ, ಬೆರಳ ಸಂದಿಯಿಂದ ರಕ್ತ ಇಳಿಯಿತು.

ಆಸ್ಪತ್ರೆಗೆ ಪೊಲೀಸಿನವನು ಬಂದು ತಂತಿ ಎಲ್ಲಿಯದೆಂದು ಕೇಳಿದ. ನಾನು ಗೋಡೆಗೆ ಅಂಟಿ ನಿಂತಿದ್ದೆ. ಅದು ಮಿಲ್ಲಿನದೆಂದು ನಿನಗೆ ತಿಳಿದಿತ್ತು. ಪಟ್ಟಿ ಕಟ್ಟಿದ ಮುಖದಲ್ಲೇ ನೀನು ಹೇಳಿದೆ: "ಭಂಗಾರ್‌ವಾಲೇ ಸೆ ಲಿಯಾ, ಸಾಹೇಬ್. ಮೈನೇ ಹಿ ಜ್ಯಾದಾ ಖೀಂಚಾ." ಗುಜರಿಯವನಿಂದ ಕೊಂಡದ್ದು, ನಾನೇ ಹೆಚ್ಚು ಎಳೆದೆ ಎಂದು! ನನ್ನ ಕೆಲಸ ಉಳಿಸಿದೆ. ಅವನು ಹೋದ ಮೇಲೆ ನನ್ನ ಕೈ ಹುಡುಕಿ ಹಿಡಿದು, "ನನ್ನದೇ ತಪ್ಪು ಮಾರಾಯ. ನಿನ್ನ ಪ್ರೋಗ್ರಾಮ್ ಹಾಳು ಮಾಡಿದೆ," ಎಂದೆ.

ಆಗ ಹೇಳಬಹುದಿತ್ತು. ನಾನು — "ಇರಲಿ ಬಿಡು" ಎಂದೆ. ಕ್ಷಮಿಸುವವನ ಹಾಗೆ!

ದಾರವಿದ್ದ ತುಂಡನ್ನು ಲೋಕಲ್ ರೈಲಿನಿಂದ ಖಾಡಿಯ ನೀರಿಗೆ ಎಸೆದೆ. ಆದರೂ ಯಾರಾದರೂ ನೋಡಿದ್ದರೆ, ನಿನಗೇ ಎಂದಾದರೂ ನೆನಪಾದರೆ ಎಂಬ ಭಯ. ನೀನು ಕಾವಲಿಯ ಕಾವು ತಾಳಲಾರದೆ ಆ ಕೆಲಸ ಬಿಟ್ಟೆ. ಮತ್ತೆ ಹಾಡಲಿಲ್ಲ. ನಿನ್ನ ಮದುವೆಯಲ್ಲಿ, ನಿನ್ನ ಮಗಳು ಸುಮತಿಯ ನಾಮಕರಣದಲ್ಲಿ, ನೀನು "ಬಸಪ್ಪ" ಎಂದು ಕರೆದಾಗಲೆಲ್ಲ ನಾನು ನಿನ್ನ ಮುಖ ನೋಡಿ ಅಳೆಯುತ್ತಿದ್ದೆ — ತಿಳಿಯಿತೇ, ಇವತ್ತು ಕೇಳುತ್ತಾನೆಯೇ? ನೀನು ಊಟ ಆಯಿತೇ ಎಂದಷ್ಟೇ ಕೇಳುತ್ತಿದ್ದೆ.

ಮೊನ್ನೆ ಸುಮತಿ ಸಿಕ್ಕಿದ್ದಳು. ನಿನ್ನ ಬಲಗಣ್ಣಿಗೂ ಪೊರೆ ಬಂದಿದೆಯಂತೆ. "ಒಂದು ಕಣ್ಣು ನಾನೇ ಕಳ್ಕೊಂಡದ್ದು, ಇನ್ನೊಂದನ್ನ ದೇವರು ತಗೊಳ್ಳಲಿ ಅಂತ ನಗಾಡ್ತಾರೆ ಅಂಕಲ್, ಅಪ್ಪ," ಎಂದಳು. ನಾನು ನೇರ ಮನೆಗೆ ಬಂದು ಬರೆಯಲು ಕೂತೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಅದನ್ನು ಓದಿ ಹೇಳುವ ಪಾಡು ಆ ಮಗುವಿಗೆ ಬರುತ್ತದೆ. ಭಾನುವಾರ ನಾನೇ ಬರುತ್ತೇನೆ. ನಿನ್ನೆದುರು ಕೂತು ಮೊದಲ ಸಾಲಿನಿಂದ ಓದುತ್ತೇನೆ. ಆಮೇಲೆ ನೀನು ಏನು ಹೇಳಿದರೂ — ಏನೂ ಹೇಳದೆ ಮುಖ ತಿರುಗಿಸಿದರೂ — ಕೇಳಿಸಿಕೊಂಡು ಎದ್ದು ಬರುತ್ತೇನೆ.